ಮೆತ್ಸಾಮೋರ್ ಆರಿದ ಚಳಿಗಾಲಗಳು

1993ರ ಜನವರಿ. ಅರ್ಮೇನಿಯಾದ ರಾಜಧಾನಿ ಯೆರೆವಾನ್‌ನಲ್ಲಿ ಮೂಳೆ ಕೊರೆಯುವ ಚಳಿ. ಸೋವಿಯತ್ ಕಾಲದ ಬಹುಮಹಡಿ ಕಟ್ಟಡಗಳೆಲ್ಲ ಕತ್ತಲಲ್ಲಿ ಮುಳುಗಿವೆ. ಲಿಫ್ಟು ನಿಂತಿದೆ, ನೀರು ಮೇಲಿನ ಮಹಡಿಗಳಿಗೆ ಏರುತ್ತಿಲ್ಲ, ಕೋಣೆ ಬೆಚ್ಚಗಿಡುತ್ತಿದ್ದ ಬಿಸಿನೀರಿನ ಕೊಳವೆಗಳು ತಣ್ಣಗಾಗಿವೆ. ಮನೆಮಂದಿಯೆಲ್ಲ ಒಂದೇ ಕೋಣೆಯಲ್ಲಿ ಕೋಟು, ಟೋಪಿ ಹಾಕಿಕೊಂಡೇ ಮಲಗಿದ್ದಾರೆ. ಮನೆಯ ಒಂದು ಬಲ್ಬಿನ ಸ್ವಿಚ್ಚನ್ನು ಮಾತ್ರ ಯಾರೂ ಆರಿಸುವುದಿಲ್ಲ, ಕರೆಂಟು ಬಂದದ್ದು ಗೊತ್ತಾಗಬೇಕಲ್ಲ. ದಿನಕ್ಕೆ ಒಂದು ಗಂಟೆಯೋ ಎರಡು ಗಂಟೆಯೋ ಬರುತ್ತದೆ, ಅದೂ ಯಾವ ಹೊತ್ತಿಗೆಂದು ಹೇಳಲಾಗದು. ನಡುರಾತ್ರಿ ಬಲ್ಬು ಹೊತ್ತಿಕೊಂಡರೆ ಇಡೀ ವಠಾರ ಎದ್ದು ಕೂರುತ್ತದೆ. ‘ಲುಯ್ಸೆರ ಯೆಕಾನ್!’ ಎಂದು ಮಕ್ಕಳು ಕೂಗುತ್ತಾರೆ. ಲೈಟ್ ಬಂತು ಎಂದರ್ಥ. ತಾಯಂದಿರು ಆ ಒಂದು ಗಂಟೆಯಲ್ಲಿ ರೊಟ್ಟಿ ಬೇಯಿಸಬೇಕು, ನೀರು ಕಾಯಿಸಬೇಕು, ಬಟ್ಟೆ ಒಗೆಯಬೇಕು, ಇಸ್ತ್ರಿ ಮಾಡಬೇಕು.

ಅರ್ಮೇನಿಯನ್ನರು ಆ ಕಾಲಕ್ಕೆ ‘ಮುತ್ ಊ ತ್ಸುರ್ತ್ ತಾರಿನೆರ್’ ಎನ್ನುತ್ತಾರೆ. ಕತ್ತಲೆಯ, ಚಳಿಯ ವರ್ಷಗಳು. ಹೆಚ್ಚುಕಡಿಮೆ 1992ರಿಂದ 1995ರವರೆಗಿನ ಅವಧಿ. ಆ ದೇಶ ಆಮೇಲೆ ಯಾರಿಂದ ಸಾಲ ಮಾಡಿತು, ಯಾರ ಸೈನ್ಯಕ್ಕೆ ಜಾಗ ಕೊಟ್ಟಿತು, ಯಾವ ಯುದ್ಧ ಗೆದ್ದಿತು, ಯಾವುದನ್ನು ಸೋತಿತು ಎಂಬುದನ್ನೆಲ್ಲ ಅರ್ಥ ಮಾಡಿಕೊಳ್ಳಬೇಕಾದರೆ ಈ ಮೂರು ಚಳಿಗಾಲಗಳಿಂದಲೇ ಶುರು ಮಾಡಬೇಕೆಂದು ನನಗೆ ಅನಿಸುತ್ತದೆ. ಚಿಕ್ಕ ದೇಶದಲ್ಲಿ ವಿದ್ಯುತ್ ಖಾತೆ, ರೈಲ್ವೆ ಖಾತೆ, ರಕ್ಷಣಾ ಖಾತೆ ಎಂದು ಬೇರೆ ಬೇರೆ ಇರುವುದು ಕಾಗದದ ಮೇಲೆ ಮಾತ್ರ. ಅರ್ಮೇನಿಯಾದಲ್ಲಿ ಆ ಮೂರೂ ಒಂದೇ ಹಗ್ಗದ ಎಳೆಗಳಾಗಿದ್ದವು.

ಅರ್ಮೇನಿಯಾದ ವಿಸ್ತೀರ್ಣ 29,743 ಚದರ ಕಿಲೋಮೀಟರ್, ಜನಸಂಖ್ಯೆ ಸುಮಾರು 30 ಲಕ್ಷ. ಸಮುದ್ರವಿಲ್ಲ. ಉತ್ತರಕ್ಕೆ ಜಾರ್ಜಿಯಾ, ಪೂರ್ವಕ್ಕೆ ಅಜರ್‌ಬೈಜಾನ್, ಪಶ್ಚಿಮಕ್ಕೆ ಟರ್ಕಿ, ದಕ್ಷಿಣದಲ್ಲಿ ಇರಾನ್ ಜೊತೆ ಸುಮಾರು 40 ಕಿಲೋಮೀಟರ್‌ನ ಚಿಕ್ಕ ಗಡಿ. ಸೋವಿಯತ್ ಒಕ್ಕೂಟದೊಳಗೆ ಇದ್ದಷ್ಟು ದಿನ ಈ ನಕ್ಷೆಯಿಂದ ಯಾವ ತೊಂದರೆಯೂ ಆಗಿರಲಿಲ್ಲ. ಮಾಸ್ಕೋದ ಯೋಜನೆಯಂತೆ ಇಲ್ಲಿ ಕಂಪ್ಯೂಟರ್ ತಯಾರಾಗುತ್ತಿತ್ತು, ಕೃತಕ ರಬ್ಬರ್ ತಯಾರಾಗುತ್ತಿತ್ತು, ಚಪ್ಪಲಿ-ಬೂಟು, ಬ್ರಾಂದಿ ತಯಾರಾಗುತ್ತಿದ್ದವು. ಗಣಿತಜ್ಞ ಸೆರ್ಗೆಯ್ ಮೆರ್ಗೆಲ್ಯಾನ್ 1956ರಲ್ಲಿ ಯೆರೆವಾನ್‌ನಲ್ಲಿ ಕಟ್ಟಿದ ಸಂಸ್ಥೆಯಿಂದ ‘ಹ್ರಾಜ್ದಾನ್’, ‘ನಾಯಿರಿ’ ಎಂಬ ಗಣಕಗಳು ಹೊರಬಂದವು. ಆದರೆ ಕಚ್ಚಾ ಸಾಮಗ್ರಿ, ಗೋಧಿ, ಗ್ಯಾಸ್, ಪೆಟ್ರೋಲು ಎಲ್ಲವೂ ಹೊರಗಿನಿಂದಲೇ ಬರಬೇಕಿತ್ತು. ಅದರಲ್ಲಿ ಬಹುಪಾಲು ಬರುತ್ತಿದ್ದದ್ದು ಅಜರ್‌ಬೈಜಾನ್ ಹಾದುಬರುವ ರೈಲಿನಲ್ಲಿ ಮತ್ತು ಕೊಳವೆಯಲ್ಲಿ.

ಸ್ವಂತದ್ದು ಎನ್ನಬಹುದಾದ ದೊಡ್ಡ ಶಕ್ತಿಮೂಲ ಒಂದೇ: ಯೆರೆವಾನ್‌ನ ಪಶ್ಚಿಮಕ್ಕೆ, ಅರಾರಾತ್ ಬಯಲಿನಲ್ಲಿದ್ದ ಮೆತ್ಸಾಮೋರ್ ಅಣು ವಿದ್ಯುತ್ ಸ್ಥಾವರ. ಮೊದಲ ರಿಯಾಕ್ಟರ್ 1976ರಲ್ಲಿ, ಎರಡನೆಯದು 1980ರಲ್ಲಿ ಚಾಲೂ ಆಯಿತು. ಭೂಕಂಪದ ವಲಯವಾದ್ದರಿಂದ ಸಾಮಾನ್ಯ ವಿನ್ಯಾಸವನ್ನು ಬದಲಿಸಿ, ಗಟ್ಟಿ ಮಾಡಿ ಕಟ್ಟಿದ್ದರು. ಆದರೂ 1986ರಲ್ಲಿ ಚೆರ್ನೋಬಿಲ್ ದುರಂತವಾದ ಮೇಲೆ ಜನರ ಎದೆಯಲ್ಲಿ ಭಯ ಕೂತುಬಿಟ್ಟಿತ್ತು. ಮಾರನೆಯ ವರ್ಷ ಯೆರೆವಾನ್‌ನ ಬೀದಿಗಳಲ್ಲಿ ಮೆರವಣಿಗೆ ಹೊರಟವು. ಸ್ಥಾವರ ಮುಚ್ಚಿ, ನಾಯಿರಿತ್ ರಾಸಾಯನಿಕ ಕಾರ್ಖಾನೆ ಮುಚ್ಚಿ, ನಮ್ಮ ಮಕ್ಕಳಿಗೆ ಶುದ್ಧ ಗಾಳಿ ಕೊಡಿ ಎಂಬುದು ಬೇಡಿಕೆ. ಅದು ನ್ಯಾಯವಾದ ಬೇಡಿಕೆಯೇ. ಮುಂದೆ ಬಂದ ಕಷ್ಟವನ್ನು ಮುಂದಿಟ್ಟುಕೊಂಡು ಆ ಜನರನ್ನು ದೂರುವುದು ನನಗಂತೂ ಸರಿ ಕಾಣುವುದಿಲ್ಲ. ಮಾಸ್ಕೋ ಹೇಳಿದ್ದನ್ನು ಎಪ್ಪತ್ತು ವರ್ಷ ಬಾಯಿ ಮುಚ್ಚಿಕೊಂಡು ಕೇಳಿದ್ದವರು ಮೊದಲ ಸಲ ಬೀದಿಗೆ ಬಂದು ತಮ್ಮ ಊರಿನ ನೀರು-ಗಾಳಿಯ ಬಗ್ಗೆ ಮಾತಾಡಿದ್ದರು.

1988ರ ಡಿಸೆಂಬರ್ 7, ಬೆಳಿಗ್ಗೆ 11 ಗಂಟೆ 41 ನಿಮಿಷ. ಸ್ಪಿತಾಕ್ ಪಟ್ಟಣದ ಬಳಿ ನೆಲ ನಡುಗಿತು. ತೀವ್ರತೆ 6.8. ಸ್ಪಿತಾಕ್ ನೆಲಸಮವಾಯಿತು. ಇಂದು ಗ್ಯೂಮ್ರಿ ಎಂದು ಕರೆಯುವ ಲೆನಿನಾಕಾನ್ ಪಟ್ಟಣದ ಒಂಬತ್ತು ಮಹಡಿಯ ಹೊಸ ಕಟ್ಟಡಗಳು ಇಸ್ಪೀಟಿನ ಮನೆಗಳಂತೆ ಕುಸಿದವು. ಸತ್ತವರು ಸುಮಾರು 25,000, ಮನೆ ಕಳೆದುಕೊಂಡವರು 5 ಲಕ್ಷ. ಮಕ್ಕಳು ಶಾಲೆಯಲ್ಲಿದ್ದ ಹೊತ್ತು ಅದು. ಅಮೆರಿಕ ಪ್ರವಾಸದಲ್ಲಿದ್ದ ಸೋವಿಯತ್ ನಾಯಕ ಗೋರ್ಬಚೇವ್ ಪ್ರವಾಸ ಮೊಟಕುಗೊಳಿಸಿ ಓಡಿಬಂದರು. ಬದುಕುಳಿದವರಿಗೆ ‘ದೋಮಿಕ್’ ಎಂಬ ತಗಡಿನ ಪೆಟ್ಟಿಗೆಮನೆಗಳನ್ನು ಕೊಟ್ಟರು, ಎರಡೇ ವರ್ಷದಲ್ಲಿ ಪಕ್ಕಾ ಮನೆ ಎಂಬ ಭರವಸೆಯೊಡನೆ. ಭರವಸೆ ಕೊಟ್ಟ ದೇಶವೇ ಮೂರು ವರ್ಷದಲ್ಲಿ ಇಲ್ಲವಾಯಿತು. ದೋಮಿಕ್‌ನಲ್ಲೇ ಹುಟ್ಟಿ, ಬೆಳೆದು, ಮದುವೆಯಾಗಿ ಅಲ್ಲೇ ಸಂಸಾರ ಹೂಡಿದವರು ಗ್ಯೂಮ್ರಿಯಲ್ಲಿದ್ದಾರೆ.

ಮೆತ್ಸಾಮೋರ್‌ಗೆ ಆ ಭೂಕಂಪದಿಂದ ಹಾನಿಯೇನೂ ಆಗಲಿಲ್ಲ. ಆದರೆ ಇನ್ನು ಯಾರೂ ಧೈರ್ಯ ಹೇಳುವ ಸ್ಥಿತಿಯಲ್ಲಿರಲಿಲ್ಲ. 1989ರ ಫೆಬ್ರುವರಿಯಲ್ಲಿ ಮೊದಲ ರಿಯಾಕ್ಟರ್, ಮಾರ್ಚ್‌ನಲ್ಲಿ ಎರಡನೆಯದು ನಿಂತವು. ಎಂಜಿನಿಯರುಗಳು ಕೆಲಸ ಹುಡುಕಿಕೊಂಡು ರಷ್ಯಾಕ್ಕೋ ಇನ್ನೆಲ್ಲಿಗೋ ಹೊರಟರು. ಆ ಹೊತ್ತಿಗೆ ಯಾರಿಗೂ ಆತಂಕವಾಗಲಿಲ್ಲ. ಗ್ಯಾಸ್ ಮತ್ತು ಮಜೂತ್ ಎಣ್ಣೆಯಿಂದ ನಡೆಯುವ ಶಾಖೋತ್ಪನ್ನ ಘಟಕಗಳು ಹ್ರಾಜ್ದಾನ್‌ನಲ್ಲಿ, ಯೆರೆವಾನ್‌ನಲ್ಲಿ ಇದ್ದವು. ಗ್ಯಾಸ್ ಎಂದಿನಂತೆ ಕೊಳವೆಯಲ್ಲಿ ಬರುತ್ತದೆ ಎಂದುಕೊಂಡಿದ್ದರು.

ಕೊಳವೆ ಯಾರ ನೆಲದಲ್ಲಿ ಹಾದು ಬರುತ್ತದೆ ಎಂಬುದು ಬೇಗನೆ ಗೊತ್ತಾಯಿತು. 1988ರ ಫೆಬ್ರುವರಿಯಲ್ಲೇ ನಾಗೋರ್ನೊ ಕರಾಬಾಖ್ ವಿವಾದ ಹೊತ್ತಿಕೊಂಡಿತ್ತು. ಅಜರ್‌ಬೈಜಾನ್ ಗಣರಾಜ್ಯದೊಳಗಿದ್ದ, ಆದರೆ ಬಹುಪಾಲು ಅರ್ಮೇನಿಯನ್ನರೇ ವಾಸಿಸುತ್ತಿದ್ದ ಗುಡ್ಡಗಾಡು ಪ್ರದೇಶ ಅದು. ಅಲ್ಲಿನ ಪ್ರಾಂತೀಯ ಸಭೆ ಅರ್ಮೇನಿಯಾ ಸೇರುತ್ತೇವೆಂದು ಗೊತ್ತುವಳಿ ಮಾಡಿತು. ಕೆಲವೇ ದಿನಗಳಲ್ಲಿ ಸುಮ್‌ಗಾಯಿತ್ ಪಟ್ಟಣದಲ್ಲಿ ಅರ್ಮೇನಿಯನ್ನರ ಮೇಲೆ ಹತ್ಯಾಕಾಂಡ ನಡೆಯಿತು. ಆಮೇಲೆ ಎರಡೂ ಕಡೆಯಿಂದ ಜನ ಗಂಟುಮೂಟೆ ಕಟ್ಟಿಕೊಂಡು ಓಡಿದರು. ಅಜರ್‌ಬೈಜಾನ್ ಬಿಟ್ಟುಬಂದ ಅರ್ಮೇನಿಯನ್ನರೂ ಲಕ್ಷಗಟ್ಟಲೆ, ಅರ್ಮೇನಿಯಾ ಬಿಟ್ಟುಹೋದ ಅಜೆರಿಗಳೂ ಲಕ್ಷಗಟ್ಟಲೆ. 1989ರಿಂದ ಅಜರ್‌ಬೈಜಾನ್ ರೈಲು ತಡೆಯತೊಡಗಿತು. 1991ರಲ್ಲಿ ಗ್ಯಾಸ್ ಕೊಳವೆಯೂ ಬಂದ್ ಆಯಿತು. ಅರ್ಮೇನಿಯಾ ತನ್ನ ನೆಲದ ಮೂಲಕ ಅಜರ್‌ಬೈಜಾನ್‌ನದೇ ಪ್ರತ್ಯೇಕ ತುಂಡಾದ ನಖಿಚೆವಾನ್‌ಗೆ ಹೋಗುತ್ತಿದ್ದ ರೈಲನ್ನು ನಿಲ್ಲಿಸಿತು. ನಖಿಚೆವಾನ್‌ನ ಮನೆಗಳಲ್ಲೂ ಆ ಚಳಿಗಾಲಗಳಲ್ಲಿ ಇದೇ ಕತ್ತಲು, ಇದೇ ಚಳಿ. ಇದನ್ನು ಯೆರೆವಾನ್‌ನಲ್ಲಿ ಯಾರೂ ನೆನೆಯುವುದಿಲ್ಲ.

1991ರ ಸೆಪ್ಟೆಂಬರ್ 21ರ ಜನಮತ ಗಣನೆಯಲ್ಲಿ ಜನ ಸ್ವಾತಂತ್ರ್ಯಕ್ಕೆ ಮತ ಹಾಕಿದರು. ಹಳೆಯ ಹಸ್ತಪ್ರತಿಗಳ ವಿದ್ವಾಂಸ ಲೆವೋನ್ ತೇರ್-ಪೆತ್ರೋಸ್ಯಾನ್ ಮೊದಲ ಅಧ್ಯಕ್ಷರಾದರು. ಅವರ ಕೈಗೆ ಬಂದದ್ದು ಭೂಕಂಪಕ್ಕೆ ಸಿಕ್ಕ ದೇಶ, ಆರಿದ ರಿಯಾಕ್ಟರ್, ಶುರುವಾಗಿದ್ದ ಯುದ್ಧ. ಸೈನ್ಯವೇ ಇರಲಿಲ್ಲ. ತಂತಮ್ಮ ಊರಿನ ಹುಡುಗರನ್ನು ಕಟ್ಟಿಕೊಂಡ ಸ್ವಯಂಸೇವಕ ತಂಡಗಳಿದ್ದವು. ಅವನ್ನೆಲ್ಲ ಒಟ್ಟುಗೂಡಿಸಿ ಸೈನ್ಯ ಕಟ್ಟುವ ತೀರ್ಮಾನ ಆದದ್ದು 1992ರ ಜನವರಿ 28ರಂದು. ಲೇಖಕರೂ ಆಗಿದ್ದ ವಾಜ್ಗೆನ್ ಸರ್ಗ್‌ಸ್ಯಾನ್ ಮೊದಲ ರಕ್ಷಣಾ ಸಚಿವರು.

ಉಳಿದಿದ್ದ ಮೂರು ಬಾಗಿಲುಗಳಲ್ಲಿ ಎರಡು ಒಂದೊಂದಾಗಿ ಮುಚ್ಚಿದವು. ಜಾರ್ಜಿಯಾದಲ್ಲಿ ಅಂತರ್ಯುದ್ಧ ಶುರುವಾಗಿ, 1992ರ ಆಗಸ್ಟ್‌ನಲ್ಲಿ ಅಬ್ಖಾಜಿಯಾದ ಮೂಲಕ ರಷ್ಯಾಕ್ಕೆ ಹೋಗುವ ರೈಲು ಹಾದಿ ತುಂಡಾಯಿತು. ಜಾರ್ಜಿಯಾ ಮೂಲಕ ಬರುತ್ತಿದ್ದ ಒಂದೇ ಒಂದು ಗ್ಯಾಸ್ ಕೊಳವೆಯನ್ನು ಮತ್ತೆ ಮತ್ತೆ ಸ್ಫೋಟಿಸಿದರು. ರಿಪೇರಿ ಮಾಡಿ ಗ್ಯಾಸ್ ಬಿಡುವಷ್ಟರಲ್ಲಿ ಇನ್ನೊಂದು ಸ್ಫೋಟ. ಟರ್ಕಿ ಕೆಲಕಾಲ ಕಾರ್ಸ್‌ನಿಂದ ಗ್ಯೂಮ್ರಿಗೆ ಬರುವ ರೈಲಿನಲ್ಲಿ ಯುರೋಪಿನ ನೆರವಿನ ಗೋಧಿ ಬರಲು ಬಿಟ್ಟಿತ್ತು. 1993ರ ಏಪ್ರಿಲ್‌ನಲ್ಲಿ ಅರ್ಮೇನಿಯನ್ ಪಡೆಗಳು ಕರಾಬಾಖ್‌ನ ಹೊರಗಿನ ಕೆಲ್‌ಬಜಾರ್ ಜಿಲ್ಲೆಯನ್ನು ಹಿಡಿದಾಗ ಟರ್ಕಿ ಆ ಗಡಿಯನ್ನೂ ಮುಚ್ಚಿತು. ಉಳಿದದ್ದು ಇರಾನ್. ಅರಾಕ್ಸ್ ನದಿಗೆ ಮೊದಲು ತಾತ್ಕಾಲಿಕ ಸೇತುವೆ, ಆಮೇಲೆ ಕಾಯಂ ಸೇತುವೆ ಬಿದ್ದು, ಮೆಘ್ರಿಯ ಬೆಟ್ಟದ ತಿರುವುಗಳಲ್ಲಿ ಲಾರಿಗಳು ಹಿಟ್ಟು, ಸಕ್ಕರೆ, ಸೀಮೆಎಣ್ಣೆ ಹೊತ್ತು ತಂದವು. ಕ್ರೈಸ್ತ ಅರ್ಮೇನಿಯಾವನ್ನು ಆ ದಿನಗಳಲ್ಲಿ ಉಸಿರಾಡಿಸಿದ ನೆರೆಯವರಲ್ಲಿ ಇಸ್ಲಾಮಿಕ್ ಗಣರಾಜ್ಯ ಇರಾನ್ ಮುಖ್ಯವಾದದ್ದು. ಕರಾಬಾಖ್ ಯುದ್ಧವನ್ನು ಧರ್ಮಯುದ್ಧವೆಂದು ಸರಳ ಮಾಡಿ ಹೇಳುವವರು ಈ ಸೇತುವೆಯನ್ನು ನೋಡಬೇಕು.

ರೊಟ್ಟಿಗೆ ರೇಷನ್ ಬಂತು, ತಲೆಗೆ ದಿನಕ್ಕೆ 250 ಗ್ರಾಂ. ಬೆಳಗಿನ ಜಾವ ಕತ್ತಲಲ್ಲೇ ಬೇಕರಿ ಮುಂದೆ ಸಾಲು. ಮನೆಮನೆಗೂ ‘ಬುರ್ಝುಯ್ಕಾ’ ಎಂಬ ತಗಡಿನ ಒಲೆ ಬಂತು. ಅದರ ಹೊಗೆಕೊಳವೆಗೆ ಕಿಟಕಿಯ ಒಂದು ಗಾಜು ತೆಗೆದು ದಾರಿ ಮಾಡುತ್ತಿದ್ದರು. ಗುಲಾಬಿ ಬಣ್ಣದ ಟಫ್ ಕಲ್ಲಿನಲ್ಲಿ ಕಟ್ಟಿದ ಯೆರೆವಾನ್‌ನ ಚೆಂದದ ಗೋಡೆಗಳ ಮೇಲೆ ಕಿಟಕಿಗೊಂದರಂತೆ ಕೊಳವೆ, ಕೊಳವೆಗೊಂದು ಮಸಿಯ ಪಟ್ಟೆ. ಒಲೆಗೆ ಹಾಕಲು ಉದ್ಯಾನದ ಮರ ಕಡಿದರು, ಬೆಟ್ಟದ ಕಾಡು ಕಡಿದರು. ಮರ ಸಿಗದವರು ನೆಲದ ಹಲಗೆ ಕಿತ್ತರು, ಪೀಠೋಪಕರಣ ಒಡೆದರು, ಪುಸ್ತಕ ಸುಟ್ಟರು. ಐದನೆಯ ಶತಮಾನದಲ್ಲಿ ತಮ್ಮ ಲಿಪಿ ಕೊಟ್ಟ ಮೆಸ್ರೋಪ್ ಮಾಶ್ತೋತ್ಸನನ್ನು ಸಂತನೆಂದು ಪೂಜಿಸುವ ಜನಾಂಗ ಅದು. ಅವರು ಪುಸ್ತಕವನ್ನು ಒಲೆಗೆ ಹಾಕಿದರೆಂದರೆ ಚಳಿ ಎಷ್ಟಿತ್ತೆಂದು ಅಳೆಯಲು ಬೇರೆ ಮಾಪಕ ಬೇಡ. ಆಸ್ಪತ್ರೆ, ಬೇಕರಿಗಳಂಥ ಕಡೆ ಹೋಗುವ ತಂತಿಯಲ್ಲಿ ಕರೆಂಟು ಸದಾ ಇರುತ್ತಿತ್ತು. ಅಲ್ಲಿಂದ ರಾತ್ರೋರಾತ್ರಿ ಕದ್ದೆಳೆದ ಸಂಪರ್ಕಕ್ಕೆ ‘ಎಡಗೈ ಲೈನು’ ಎಂಬ ಅರ್ಥದ ಹೆಸರಿತ್ತು. ಕಾರಿನ ಬ್ಯಾಟರಿಯನ್ನು ಮನೆಗೆ ಹೊತ್ತುತಂದು ಟಿವಿ ಹಚ್ಚುತ್ತಿದ್ದರು. ಚಳಿಗಾಲದಲ್ಲಿ ಶಾಲೆ ಮುಚ್ಚುತ್ತಿತ್ತು. ನಾಟಕ, ಸಂಗೀತ ಕಛೇರಿ ಮಾತ್ರ ನಿಲ್ಲಲಿಲ್ಲ, ಜನ ಕೋಟು ಹಾಕಿಕೊಂಡೇ ಹೋಗಿ ಕುಳಿತು ಕೇಳಿದರು.

ಇದ್ದಷ್ಟು ಕರೆಂಟಿನಲ್ಲಿ ದೊಡ್ಡ ಪಾಲು ಬರುತ್ತಿದ್ದದ್ದು ಸೆವಾನ್ ಸರೋವರದಿಂದ. 1,900 ಮೀಟರ್ ಎತ್ತರದಲ್ಲಿರುವ ಆ ಸರೋವರವೇ ಅರ್ಮೇನಿಯನ್ನರ ಸಮುದ್ರ. ಅದರಿಂದ ಹೊರಬೀಳುವ ಹ್ರಾಜ್ದಾನ್ ನದಿಯ ಉದ್ದಕ್ಕೂ ಸೋವಿಯತ್ ಕಾಲದಲ್ಲಿ ಜಲವಿದ್ಯುತ್ ಕೇಂದ್ರಗಳ ಸರಪಳಿ ಕಟ್ಟಿದ್ದರು. ಅತಿಯಾಗಿ ನೀರು ಬಿಟ್ಟು ಸರೋವರದ ಮಟ್ಟ ಹದಿನೆಂಟು ಮೀಟರಿಗೂ ಹೆಚ್ಚು ಇಳಿದಿತ್ತು. ಒಂಬತ್ತನೆಯ ಶತಮಾನದ ಸೆವಾನ್ ಮಠ ನಿಂತಿದ್ದ ದ್ವೀಪ ದಡಕ್ಕೆ ಅಂಟಿಕೊಂಡು ಪರ್ಯಾಯದ್ವೀಪವಾಗಿತ್ತು. ತಪ್ಪು ಅರಿವಾಗಿ ಅರ್ಪಾ ನದಿಯ ನೀರನ್ನು ತರಲು 48 ಕಿಲೋಮೀಟರ್ ಸುರಂಗ ಕೊರೆದು 1981ರಲ್ಲಿ ಮುಗಿಸಿದ್ದರು. ಸರೋವರ ಚೇತರಿಸಿಕೊಳ್ಳುತ್ತಿತ್ತು. ಕತ್ತಲೆಯ ವರ್ಷಗಳಲ್ಲಿ ಗೇಟು ಮತ್ತೆ ತೆರೆಯಿತು. ಚಳಿಗಾಲದಲ್ಲಿ ಹೊಲಕ್ಕೆ ಬೇಡವಾದ ನೀರನ್ನೂ ದೀಪಕ್ಕಾಗಿ ಬಿಟ್ಟರು. ಮಟ್ಟ ಮತ್ತೆ ಒಂದು ಮೀಟರಿಗಿಂತ ಹೆಚ್ಚು ಕುಸಿಯಿತು. ಯಾರ ಮನೆಯಲ್ಲಾದರೂ ಒಂದು ತಾಸು ಬಲ್ಬು ಹೊತ್ತಿದರೆ ಅದು ಸೆವಾನ್‌ನ ನೀರು ಉರಿದಂತೆ.

ಇಷ್ಟರ ನಡುವೆ ಯುದ್ಧರಂಗದಲ್ಲಿ ಅರ್ಮೇನಿಯನ್ನರು ಗೆಲ್ಲುತ್ತಿದ್ದರು. 1992ರ ಮೇ ತಿಂಗಳಲ್ಲಿ ಬೆಟ್ಟದ ಮೇಲಿನ ಶುಶಿ ಕೈವಶವಾಯಿತು. ಬೆನ್ನಿಗೇ ಲಾಚಿನ್ ಬಿದ್ದು ಕರಾಬಾಖ್‌ಗೂ ಅರ್ಮೇನಿಯಾಕ್ಕೂ ರಸ್ತೆ ಕೂಡಿತು. 1994ರ ಮೇ 12ರಂದು ಕದನವಿರಾಮ ಬರುವ ಹೊತ್ತಿಗೆ ಕರಾಬಾಖ್ ಮಾತ್ರವಲ್ಲ, ಸುತ್ತಲಿನ ಏಳು ಜಿಲ್ಲೆಗಳು ಪೂರ್ತಿಯೋ ಭಾಗಶಃವೋ ಅರ್ಮೇನಿಯನ್ನರ ಕೈಯಲ್ಲಿದ್ದವು. ಎರಡೂ ಕಡೆ ಸೇರಿ ಸತ್ತವರು ಸುಮಾರು 30,000. 1992ರ ಫೆಬ್ರುವರಿಯಲ್ಲಿ ಖೋಜಾಲಿಯಲ್ಲಿ ಓಡಿಹೋಗುತ್ತಿದ್ದ ನೂರಾರು ಅಜೆರಿ ನಾಗರಿಕರನ್ನು ಕೊಂದದ್ದು ಈ ಗೆಲುವಿನ ಮೇಲಿರುವ ರಕ್ತದ ಕಲೆ. ಆ ಜಿಲ್ಲೆಗಳಿಂದ ಹೊರಬಿದ್ದ ಲಕ್ಷಾಂತರ ಅಜೆರಿಗಳು ರೈಲು ಬೋಗಿಗಳಲ್ಲಿ, ಡೇರೆಗಳಲ್ಲಿ ವರ್ಷಗಟ್ಟಲೆ ಬದುಕಿದರು.

ಕತ್ತಲಲ್ಲಿದ್ದ ದೇಶಕ್ಕೆ ಶಸ್ತ್ರ ಎಲ್ಲಿಂದ ಬಂತು? ಅರ್ಧ ಉತ್ತರ 1997ರಲ್ಲಿ ಮಾಸ್ಕೋದಲ್ಲೇ ಹೊರಬಿತ್ತು. ರಷ್ಯಾ ಸಂಸತ್ತಿನ ರಕ್ಷಣಾ ಸಮಿತಿಯ ಅಧ್ಯಕ್ಷ ಜನರಲ್ ಲೆವ್ ರೋಖ್ಲಿನ್, ಸುಮಾರು 100 ಕೋಟಿ ಡಾಲರ್ ಬೆಲೆಯ ಶಸ್ತ್ರಾಸ್ತ್ರಗಳು ಗುಟ್ಟಾಗಿ ಅರ್ಮೇನಿಯಾಕ್ಕೆ ಹೋಗಿವೆಯೆಂದು ಬಹಿರಂಗಪಡಿಸಿದರು. 1992ರಿಂದಲೇ ಟರ್ಕಿ ಮತ್ತು ಇರಾನ್ ಗಡಿಗಳನ್ನು ರಷ್ಯಾದ ಕಾವಲುಗಾರರು ಕಾಯುತ್ತಿದ್ದರು. ಗ್ಯೂಮ್ರಿಯ ರಷ್ಯನ್ ಸೇನಾ ನೆಲೆಗೆ 1995ರಲ್ಲಿ 25 ವರ್ಷದ ಒಪ್ಪಂದವಾಯಿತು, 2010ರಲ್ಲಿ ಅದನ್ನು 2044ರವರೆಗೆ ವಿಸ್ತರಿಸಿದರು.

ಹಣಕಾಸಿನ ಕಥೆ ಬೇಗ ಹೇಳಿ ಮುಗಿಸಬಹುದು, ಅನುಭವಿಸಿದವರಿಗೆ ಅದು ಬೇಗ ಮುಗಿಯಲಿಲ್ಲ. 1992 ಒಂದೇ ವರ್ಷದಲ್ಲಿ ದೇಶದ ಉತ್ಪನ್ನ ಶೇಕಡ 40ಕ್ಕೂ ಹೆಚ್ಚು ಕುಸಿಯಿತು. 1993ರ ನವೆಂಬರ್ 22ರಂದು ಸ್ವಂತ ನಾಣ್ಯ ದ್ರಾಮ್ ಬಂತು. ಡಾಲರಿಗೆ ಹದಿನಾಲ್ಕರ ಸುಮಾರಿನಲ್ಲಿ ಶುರುವಾದದ್ದು ಕೆಲವೇ ತಿಂಗಳಲ್ಲಿ ನೂರುಗಳಿಗೆ ಜಾರಿತು. ಜೀವಮಾನದ ಉಳಿತಾಯ ಒಂದು ಚೀಲ ಹಿಟ್ಟಿಗೂ ಸಾಲದಾಯಿತು. ಸಾಮೂಹಿಕ ಬೇಸಾಯದ ಜಮೀನನ್ನು 1991ರಲ್ಲೇ ರೈತರಿಗೆ ಹಂಚಿದ್ದು ಮಾತ್ರ ಕೈಹಿಡಿಯಿತು. ಹಳ್ಳಿಯಲ್ಲಿ ಅಣ್ಣನೋ ಅತ್ತೆಯೋ ಇದ್ದವರಿಗೆ ಆಲೂಗಡ್ಡೆಗೆ ತೊಂದರೆಯಾಗಲಿಲ್ಲ. ಯಾರೂ ಇಲ್ಲದವರು ವಿಮಾನ ಹತ್ತಿದರು. ಆ ದಶಕದಲ್ಲಿ ಲಕ್ಷಾಂತರ ಜನ ದೇಶ ಬಿಟ್ಟರು, ಹೆಚ್ಚಿನವರು ರಷ್ಯಾಕ್ಕೆ. ಹೊರದೇಶಗಳ ಅರ್ಮೇನಿಯನ್ನರು ಸೀಮೆಎಣ್ಣೆ ಕಳಿಸಿದರು, ಹಿಟ್ಟು ಕಳಿಸಿದರು, ಆಮೇಲೆ ಲಾಚಿನ್ ಮೂಲಕ ಕರಾಬಾಖ್‌ಗೆ ಹೆದ್ದಾರಿಯನ್ನೇ ಹಾಕಿಸಿಕೊಟ್ಟರು.

ಕೊನೆಗೆ 1993ರಲ್ಲಿ ಸರ್ಕಾರ ತೀರ್ಮಾನಿಸಿತು: ಮೆತ್ಸಾಮೋರ್ ಮತ್ತೆ ಹಚ್ಚುವುದು. ವರ್ಷಗಟ್ಟಲೆ ನಿಂತ ಅಣು ಸ್ಥಾವರವನ್ನು ಮತ್ತೆ ಚಾಲೂ ಮಾಡುವುದು ಸುಲಭದ ಮಾತಾಗಿರಲಿಲ್ಲ. ಯುರೋಪ್ ಬೇಡವೆಂದಿತು. ಚೆದುರಿಹೋಗಿದ್ದ ಎಂಜಿನಿಯರುಗಳಲ್ಲಿ ಬಂದಷ್ಟು ಮಂದಿಯನ್ನು ಕರೆಸಿ, ರಷ್ಯಾದ ಹಣ, ರಷ್ಯಾದ ತಂತ್ರಜ್ಞರು, ರಷ್ಯಾದ ಇಂಧನದಿಂದ ಕೆಲಸ ಸಾಗಿತು. ರೈಲು ಬಂದ್ ಇದ್ದದ್ದರಿಂದ ಅಣು ಇಂಧನ ವಿಮಾನದಲ್ಲಿ ಬಂತು. 1995ರ ನವೆಂಬರ್‌ನಲ್ಲಿ ಎರಡನೆಯ ರಿಯಾಕ್ಟರ್ ಮತ್ತೆ ವಿದ್ಯುತ್ ಕೊಡತೊಡಗಿತು. ಸುಮಾರು 400 ಮೆಗಾವಾಟ್. ಆ ಚಳಿಗಾಲದಲ್ಲಿ ಬಲ್ಬು ಹೊತ್ತಿದ್ದು ಹೊತ್ತಿಯೇ ಇತ್ತು. ಎಂಟು ವರ್ಷದ ಹಿಂದೆ ಸ್ಥಾವರ ಮುಚ್ಚಿ ಎಂದು ಬೀದಿಗಿಳಿದವರಲ್ಲಿ ಎಷ್ಟೋ ಮಂದಿ ಆ ಬೆಳಕಿನಲ್ಲಿ ಕುಳಿತು ಅತ್ತಿರಬೇಕು. ಮೊದಲ ರಿಯಾಕ್ಟರ್ ಮತ್ತೆ ಹೊತ್ತಲೇ ಇಲ್ಲ.

ಬೆಳಕಿನ ಬಿಲ್ಲು ಮುಂದಿನ ದಶಕದಲ್ಲಿ ಬಂತು. ಇಂಧನಕ್ಕೆ, ಗ್ಯಾಸಿಗೆ ಮಾಡಿದ ಸಾಲ ತೀರಿಸಲು ದುಡ್ಡಿರಲಿಲ್ಲ, ಆಸ್ತಿ ಕೊಟ್ಟರು. 2002ರ ಒಪ್ಪಂದದಲ್ಲಿ ಸುಮಾರು 10 ಕೋಟಿ ಡಾಲರ್ ಸಾಲಕ್ಕೆ ಪ್ರತಿಯಾಗಿ ಹ್ರಾಜ್ದಾನ್‌ನ ಶಾಖೋತ್ಪನ್ನ ಸ್ಥಾವರ, ಯೆರೆವಾನ್‌ನ ಮಾರ್ಸ್ ಕಾರ್ಖಾನೆ ಮತ್ತು ಕೆಲವು ಸಂಶೋಧನಾ ಸಂಸ್ಥೆಗಳು ರಷ್ಯಾ ಪಾಲಾದವು. ಮಾರನೆಯ ವರ್ಷ ಮೆತ್ಸಾಮೋರ್‌ನ ಹಣಕಾಸು ನಿರ್ವಹಣೆ ಮತ್ತು ಸೆವಾನ್-ಹ್ರಾಜ್ದಾನ್ ಜಲವಿದ್ಯುತ್ ಸರಪಳಿ ಹೋದವು. ಆಮೇಲೆ ವಿದ್ಯುತ್ ವಿತರಣಾ ಜಾಲ ಹೋಯಿತು. 2008ರಲ್ಲಿ ರೈಲ್ವೆ 30 ವರ್ಷದ ಗುತ್ತಿಗೆಗೆ ಹೋಯಿತು. 2014ರ ಹೊತ್ತಿಗೆ ಗ್ಯಾಸ್ ಜಾಲ ಪೂರ್ತಿಯಾಗಿ ರಷ್ಯಾದ ಕಂಪನಿ ಗ್ಯಾಜ್‌ಪ್ರೋಮ್‌ನ ಸ್ವತ್ತು. ಇರಾನ್‌ನಿಂದ 2007ರಲ್ಲಿ ಬಂದ ಹೊಸ ಗ್ಯಾಸ್ ಕೊಳವೆಯ ಕೀಲಿಯೂ ಕ್ರಮೇಣ ಅದೇ ಕಂಪನಿಯ ಕೈಸೇರಿತು. ವಿದ್ಯುತ್ ದರ ಏರಿಸಿದಾಗ 2015ರಲ್ಲಿ ಯೆರೆವಾನ್‌ನ ಯುವಕರು ಬಾಘ್ರಾಮ್ಯಾನ್ ಬೀದಿಯಲ್ಲಿ ಹಗಲು ರಾತ್ರಿ ಧರಣಿ ಕೂತರು. ಕತ್ತಲೆಯ ವರ್ಷಗಳಲ್ಲಿ ತಗಡಿನ ಒಲೆಯ ಪಕ್ಕ ಹುಟ್ಟಿದ ಮಕ್ಕಳವರು.

ಇದನ್ನೆಲ್ಲ ಮೊದಲೇ ಕಂಡವರೊಬ್ಬರಿದ್ದರು. 1997ರ ನವೆಂಬರ್‌ನಲ್ಲಿ ಅಧ್ಯಕ್ಷ ತೇರ್-ಪೆತ್ರೋಸ್ಯಾನ್ ‘ಯುದ್ಧವೋ ಶಾಂತಿಯೋ’ ಎಂದು ಕೇಳುವ ದೀರ್ಘ ಲೇಖನ ಬರೆದರು. ಗಡಿ ಮುಚ್ಚಿರುವವರೆಗೆ ಆರ್ಥಿಕತೆ ಏಳುವುದಿಲ್ಲ, ಗೆದ್ದ ಜಿಲ್ಲೆಗಳನ್ನು ಇಟ್ಟುಕೊಂಡು ಕಾಯುತ್ತ ಕೂತರೆ ಕಾಲ ನಮ್ಮ ಕಡೆ ಇರುವುದಿಲ್ಲ, ರಾಜಿಗೆ ಇದೇ ಸಮಯ ಎಂಬುದು ವಾದದ ಸಾರ. ಗೆದ್ದ ಸೈನ್ಯದ ನಾಯಕರಿಗೆ ಅದು ಶರಣಾಗತಿಯಂತೆ ಕಂಡಿತು. 1998ರ ಫೆಬ್ರುವರಿಯಲ್ಲಿ ಅವರು ರಾಜೀನಾಮೆ ಕೊಡಬೇಕಾಯಿತು. ಅವರ ಆಡಳಿತದಲ್ಲಿ ತಪ್ಪುಗಳಿದ್ದವು, 1996ರ ಚುನಾವಣೆಯಲ್ಲಿ ಅಕ್ರಮ ನಡೆಯಿತೆಂಬ ಕಳಂಕವೂ ಇತ್ತು. ಆದರೆ ಆ ಲೇಖನದ ಮಟ್ಟಿಗೆ ಅವರು ಹೇಳಿದ್ದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಕಾಲ ಅಜರ್‌ಬೈಜಾನ್ ಕಡೆಗೇ ಇತ್ತು. 1994ರಲ್ಲಿ ಅದು ವಿದೇಶಿ ತೈಲ ಕಂಪನಿಗಳೊಡನೆ ದೊಡ್ಡ ಒಪ್ಪಂದ ಮಾಡಿಕೊಂಡಿತ್ತು. ಬಾಕುವಿನಿಂದ ಟರ್ಕಿಯ ಜೇಹಾನ್ ಬಂದರಿಗೆ ಹೋಗುವ ತೈಲ ಕೊಳವೆ ಅರ್ಮೇನಿಯಾವನ್ನು ಬಳಸಿಕೊಂಡು ಜಾರ್ಜಿಯಾ ಮೂಲಕ ಹಾದುಹೋಯಿತು. 2017ರಲ್ಲಿ ಉದ್ಘಾಟನೆಯಾದ ಬಾಕು–ತಿಬ್ಲಿಸಿ–ಕಾರ್ಸ್ ರೈಲು ಕೂಡ ಅದೇ ಸುತ್ತಿನ ಹಾದಿ ಹಿಡಿಯಿತು. ತೈಲದ ಹಣದಲ್ಲಿ ಅಜರ್‌ಬೈಜಾನ್‌ನ ರಕ್ಷಣಾ ಬಜೆಟ್ಟೊಂದೇ ಅರ್ಮೇನಿಯಾದ ಇಡೀ ಬಜೆಟ್ಟನ್ನು ಮೀರಿತು. 2020ರ ಸೆಪ್ಟೆಂಬರ್ 27ರಂದು ಯುದ್ಧ ಶುರುವಾಯಿತು. ಟರ್ಕಿಯ ಬೈರಕ್ತಾರ್ ಡ್ರೋನ್‌ಗಳು, ಇಸ್ರೇಲಿನ ಹಾರೋಪ್‌ಗಳು ಅರ್ಮೇನಿಯಾದ ಟ್ಯಾಂಕು, ಫಿರಂಗಿಗಳನ್ನು ಒಂದೊಂದಾಗಿ ಹೆಕ್ಕಿ ಸುಟ್ಟವು. ರಷ್ಯಾದಿಂದ ಕೊಂಡಿದ್ದ ನಾಲ್ಕು ಸುಖೋಯ್-30 ವಿಮಾನಗಳು ಕದನದಲ್ಲಿ ಕೆಲಸಕ್ಕೆ ಬರಲಿಲ್ಲ, ಅವುಗಳಿಗೆ ಬೇಕಾದ ಕ್ಷಿಪಣಿಗಳೇ ಇರಲಿಲ್ಲ. 44 ದಿನಗಳಲ್ಲಿ ಯುದ್ಧ ಸೋತಾಯಿತು. ರಷ್ಯಾದ 1,960 ಶಾಂತಿಪಾಲಕರು ಬಂದರು. ಅವರು ಅಲ್ಲಿರುವಾಗಲೇ 2022ರ ಡಿಸೆಂಬರ್‌ನಲ್ಲಿ ಲಾಚಿನ್ ರಸ್ತೆ ಬಂದ್ ಆಯಿತು. ಕರಾಬಾಖ್‌ನ ಅಂಗಡಿಗಳು ಬರಿದಾದವು, ಗ್ಯಾಸ್ ನಿಂತಿತು, ಕರೆಂಟಿಗೆ ಮತ್ತೆ ವೇಳಾಪಟ್ಟಿ ಬಂತು. 2023ರ ಸೆಪ್ಟೆಂಬರ್‌ನಲ್ಲಿ ಒಂದು ದಿನದ ದಾಳಿಯ ಬಳಿಕ ಒಂದೇ ವಾರದಲ್ಲಿ 1 ಲಕ್ಷಕ್ಕೂ ಹೆಚ್ಚು ಅರ್ಮೇನಿಯನ್ನರು ಕರಾಬಾಖ್ ತೊರೆದರು.

ಹಣ ಕಟ್ಟಿದ ಶಸ್ತ್ರಗಳೂ ಬರಲಿಲ್ಲವೆಂದು ರಷ್ಯಾ ವಿರುದ್ಧ ಬಹಿರಂಗವಾಗಿ ದೂರಿದ ಅರ್ಮೇನಿಯಾ ಬೇರೆ ಬಾಗಿಲು ತಟ್ಟಿತು. ಅದರಲ್ಲಿ ಒಂದು ಬಾಗಿಲು ನಮ್ಮ ಬೆಂಗಳೂರಿನಲ್ಲಿದೆ. ಶತ್ರುವಿನ ಫಿರಂಗಿ ಗುಂಡು ಆಕಾಶದಲ್ಲಿರುವಾಗಲೇ ಅದರ ಹಾದಿ ಹಿಡಿದು, ಹಾರಿಸಿದ ಜಾಗ ಎಲ್ಲಿದೆಯೆಂದು ಲೆಕ್ಕ ಹಾಕಿ ಹೇಳುವ ‘ಸ್ವಾತಿ’ ರಾಡಾರ್ ಬೆಂಗಳೂರಿನ ಎಲ್‌ಆರ್‌ಡಿಇ ಪ್ರಯೋಗಾಲಯದಲ್ಲಿ ರೂಪುಗೊಂಡು ಭಾರತ್ ಎಲೆಕ್ಟ್ರಾನಿಕ್ಸ್‌ನಲ್ಲಿ ತಯಾರಾಗುವಂಥದ್ದು. ಅಂಥ ನಾಲ್ಕು ರಾಡಾರ್‌ಗಳನ್ನು ಸುಮಾರು 4 ಕೋಟಿ ಡಾಲರಿಗೆ ಅರ್ಮೇನಿಯಾ ಕೊಳ್ಳುತ್ತಿದೆ ಎಂಬ ಸುದ್ದಿ ಯುದ್ಧಕ್ಕೂ ಮೊದಲೇ, 2020ರ ಮಾರ್ಚ್‌ನಲ್ಲಿ ಪತ್ರಿಕೆಗಳಲ್ಲಿ ಬಂತು. 2022ರಲ್ಲಿ ಪಿನಾಕ ರಾಕೆಟ್‌ಗಳ ಒಪ್ಪಂದ, ಆಮೇಲೆ ಆಕಾಶ್ ಕ್ಷಿಪಣಿಗಳು. ಅರ್ಮೇನಿಯನ್ನರಿಗೆ ದಕ್ಷಿಣ ಭಾರತ ಹೊಸದಲ್ಲ. ಅವರ ಭಾಷೆಯ ಮೊತ್ತಮೊದಲ ಪತ್ರಿಕೆ ‘ಅಜ್ದರಾರ್’ ಅಚ್ಚಾದದ್ದು 1794ರಲ್ಲಿ ಮದರಾಸಿನಲ್ಲಿ.

ಮೆತ್ಸಾಮೋರ್‌ನ ಎರಡನೆಯ ರಿಯಾಕ್ಟರ್ ಈಗಲೂ ನಡೆಯುತ್ತಿದೆ. ಅಲ್ಲಿಂದ ಟರ್ಕಿ ಗಡಿಗೆ ಇಪ್ಪತ್ತು ಕಿಲೋಮೀಟರೂ ಇಲ್ಲ. ಆ ಗಡಿಯಲ್ಲಿ, ಅರಾಕ್ಸ್ ನದಿಯ ಮೇಲೆ ಮಾರ್ಗರಾ ಎಂಬ ಹಳ್ಳಿಯ ಸೇತುವೆಯಿದೆ. 1993ರಿಂದ ಅದಕ್ಕೆ ಬೀಗ ಬಿದ್ದಿತ್ತು. 2023ರ ಫೆಬ್ರುವರಿ 6ರಂದು ಟರ್ಕಿಯಲ್ಲಿ ಭೂಕಂಪವಾಗಿ ಹತ್ತಾರು ಸಾವಿರ ಜನ ಸತ್ತರು. ಐದು ದಿನದ ಮೇಲೆ ಬೆಳಿಗ್ಗೆ ಆ ಬೀಗ ತೆಗೆದರು. ಸ್ಪಿತಾಕ್‌ನ ನೆನಪಿರುವ ದೇಶದಿಂದ ಐದು ಲಾರಿಗಳು ಆಹಾರ, ಔಷಧಿ, ನೀರು ಹೊತ್ತು ಸೇತುವೆ ದಾಟಿ ಟರ್ಕಿಯೊಳಗೆ ಹೋದವು.